ಕೂತು ಹೇಳಬೇಕಾದ ಮಾತು

ಮನುಷ್ಯನಿಗೆ ಮಾತು ದಕ್ಕಿದ್ದು ಇನ್ನೊಬ್ಬ ಮನುಷ್ಯನ ಸಂಕಟದ ಹತ್ತಿರ ಹೋಗುವುದಕ್ಕೆ. ಸೃಷ್ಟಿಯಲ್ಲಿ ಬೇರೆ ಯಾವ ಪ್ರಾಣಿಗೂ ಒದಗದ ಭಾಗ್ಯ ಇದು ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಯಾರೂ ಜನರಲ್ ವಾರ್ಡಿನಲ್ಲಿ ಬೆಳಗಿನ ಪಾಳಿ ಮಾಡಿದವರಲ್ಲ. ಅಲ್ಲಿ ಮನುಷ್ಯ ಮನುಷ್ಯನ ಸಂಕಟದ ಹತ್ತಿರ ಹೋಗುವುದು 'ಕೈ ಚಾಚಿ', 'ಬಾಯಿ ತೆರೀರಿ', 'ಆಚೆ ಮಗ್ಗುಲಾಗಿ' ಎಂಬ ಮೂರು ವಾಕ್ಯಗಳ ಬಲದಿಂದ. ನಾಲ್ಕನೆಯ ವಾಕ್ಯ ಕೇಳಬೇಕೆಂದರೆ ಬಿಲ್ಲಿಂಗ್ ಕೌಂಟರಿಗೆ ಹೋಗಬೇಕು.

ಆ ನಾಲ್ಕನೆಯ ವಾಕ್ಯವನ್ನು ವಾರ್ಡಿನ ಒಳಗೇ ತರಬೇಕೆಂದು ವರ್ಷಗಟ್ಟಲೆ ಹಟ ಹಿಡಿದಿದ್ದ ಒಬ್ಬರನ್ನು ನಾನು ಬಲ್ಲೆ. ಹೆಸರು ಬರೆಯುವುದಿಲ್ಲ. ಬರೆದಿದ್ದರೆ ಅವರು, "ಮಾಸ್ಟ್ರೇ, ಪೇಶೆಂಟಿನ ಹೆಸ್ರ್ ಹೊರ್ಗ್ ಹೇಳುಕಾಗ ಅಂದೇಳಿ ಫಸ್ಟ್ ಇಯರಗೇ ಕಲ್ಸಿದ್ದೆ. ನೀವ್ ಆವತ್ತ್ ಎಲ್ ಹೋಯಿದ್ರಿ?" ಎಂದು ಕೇಳುತ್ತಿದ್ದರು. ಈಗ ಕೇಳುವ ಸ್ಥಿತಿಯಲ್ಲಿ ಅವರಿಲ್ಲ. ಆದರೂ ಅಭ್ಯಾಸ.

ನಮ್ಮ ಪರಿಚಯವಾದದ್ದು ಕುಂಭಾಶಿಯಿಂದ ಬ್ರಹ್ಮಾವರದ ಕಡೆಗೆ ಹೋಗುವ ಹೆದ್ದಾರಿಯ ಬದಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ. ಕಾಲೇಜಿಗೆ ಅಂಟಿಕೊಂಡೇ ಅದರ ಆಸ್ಪತ್ರೆ. ಅವರು ಅಲ್ಲಿ ನರ್ಸ್ ಆಗಿ ಸೇರಿ, ಆಮೇಲೆ ಓದಿ, ಪಾಠ ಮಾಡುವ ಮೇಡಂ ಆದವರು. ನಾನು ಸರಕಾರಿ ಜೂನಿಯರ್ ಕಾಲೇಜಿನಲ್ಲಿ ಹಳೆಗನ್ನಡ ಕಲಿಸಿ, ಕಲಿತವರ ಮೇಲೆ ಅದರ ಯಾವ ಪರಿಣಾಮವೂ ಆಗದಂತೆ ನೋಡಿಕೊಂಡು, ಗೌರವಯುತವಾಗಿ ನಿವೃತ್ತನಾದವನು. ಕೇರಳದಿಂದಲೂ ಈಶಾನ್ಯದ ಗುಡ್ಡಗಳಿಂದಲೂ ಬರುವ ಹುಡುಗಿಯರಿಗೆ ರೋಗಿಗಳೊಡನೆ ಮಾತಾಡುವಷ್ಟು ಕನ್ನಡ ಬರಬೇಕೆಂದು ಯಾವುದೋ ತಪಾಸಣೆಯ ತಂಡ ಹೇಳಿ ಹೋದದ್ದರಿಂದ ನನಗೆ ವಾರದಲ್ಲಿ ಎರಡು ದಿನದ ಕೆಲಸ ಸಿಕ್ಕಿತ್ತು. ಮೇಡಮ್ಮಿಗೂ ನನಗೂ ಒಂದೇ ಮೇಜು. ಅದರ ಅರ್ಧಭಾಗದಲ್ಲಿ ಪ್ಲಾಸ್ಟಿಕ್ಕಿನ ಒಂದು ಹೃದಯವಿತ್ತು. ಅದನ್ನು ಪಕ್ಕಕ್ಕೆ ಸರಿಸಿ ನಾನು ಊಟದ ಡಬ್ಬಿ ಇಡುತ್ತಿದ್ದೆ.

ನನ್ನ ಕನ್ನಡದ ಮೊದಲ ಫಲ ಹೆಂಗಸರ ವಾರ್ಡಿನಲ್ಲಿ ಕಾಣಿಸಿಕೊಂಡಿತು. ಕೋಟ್ಟಯಮ್ಮಿನ ಹುಡುಗಿಯೊಬ್ಬಳು ಹಣ್ಣು ಹಣ್ಣು ಮುದುಕಿಯೊಬ್ಬರ ಎದುರು ಕೈಕಟ್ಟಿ ನಿಂತು, "ತಮಗೆ ಮಲಬದ್ಧತೆಯ ಬಾಧೆ ಇರುವುದೇ?" ಎಂದು ಸ್ಪಷ್ಟವಾಗಿ ಕೇಳಿದಳಂತೆ. ಮುದುಕಿ ಮಗಳ ಕಡೆ ತಿರುಗಿ, "ಈ ಹೆಣ್ಣ್ ಎಂತ ಮಂತ್ರ ಹೇಳ್ತ್? ಭಟ್ರ್ ಬಪ್ಪದಿತ್ತಾ?" ಎಂದರಂತೆ. ಅಂದು ಮಧ್ಯಾಹ್ನ ಮೇಡಂ ನನ್ನ ಎದುರು ಬಂದು ಕೂತು, ಪ್ಲಾಸ್ಟಿಕ್ ಹೃದಯದ ಒಂದು ಕವಾಟವನ್ನು ತೆಗೆದು ಹಾಕಿ ಮಾಡುತ್ತ ಹೇಳಿದರು:

"ಮಾಸ್ಟ್ರೇ, ನಿಮ್ಮ ಕನ್ನಡ ಭಾರೀ ಲಾಯ್ಕಿತ್ತ್. ಆದ್ರೆ ಹೊಟ್ಟೆ ನೋಯ್ವವರಿಗೆ ಅಷ್ಟ್ ಲಾಯ್ಕದ್ದ್ ಬ್ಯಾಡ."

ಇಷ್ಟು ನಯವಾಗಿ ನನ್ನ ಜೀವಮಾನದ ಕೆಲಸವನ್ನು ಯಾರೂ ತಿರಸ್ಕರಿಸಿರಲಿಲ್ಲ. ಸ್ನೇಹ ಅಲ್ಲಿಂದ ಶುರುವಾಯಿತು.

ಮೇಡಂ ಆಳು ಗಿಡ್ಡ. ಗಂಜಿ ಹಾಕಿದ ನೂಲಿನ ಸೀರೆ, ಹೆಗಲಿನ ನೆರಿಗೆಯ ಹತ್ತಿರ ಪಿನ್ನಿನಿಂದ ತೂಗುಬಿಟ್ಟ ತಲೆಕೆಳಗಾದ ಗಡಿಯಾರ. ಬಿಜೂರಿನಲ್ಲಿ ತಮ್ಮನ ಸಂಸಾರದೊಡನೆ ಇದ್ದರು. ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ, ಯಾಕೆಂದರೆ ಊರಿನ ಅರ್ಧ ಜನರಿಗೆ ಅವರೇ ಇಂಜೆಕ್ಷನ್ ಕೊಟ್ಟದ್ದು. ತಮ್ಮ ಮುಂಬೈಯಲ್ಲಿ ಹೋಟೆಲು ನಡೆಸಿ, ಅದನ್ನು ಬೇರೆಯವರಿಗೆ ವಹಿಸಿ ಬಂದವರು. ನಮ್ಮ ಕಡೆಯ ಗಂಡಸರಿಗೆ ಮುಂಬೈ ಎಂಬುದು ಊರಲ್ಲ, ಒಂದು ಪ್ರಾಯ; ಅದು ದಾಟಿದ ಮೇಲೆ ಮನೆಗೆ ಬಂದು ಬಿಳಿ ಅಂಗಿ ತೊಟ್ಟು ಜಗಲಿಯಲ್ಲಿ ಕೂರುತ್ತಾರೆ. ಅಕ್ಕ ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ಈ ತಮ್ಮ ಗೇಟಿನವರೆಗೆ ಬಂದು, "ಅಕ್ಕ, ಕೊಡಿ ತಕಂಡ್ಯಾ?" ಎಂದು ಛತ್ರಿಯ ನೆನಪು ಮಾಡುವುದು ಬೇಸಗೆಯಲ್ಲೂ ತಪ್ಪುತ್ತಿರಲಿಲ್ಲವಂತೆ.

ವಾರ್ಡಿಗೆ ಹೋದಾಗ ಅವರಿಗೊಂದು ಕ್ರಮವಿತ್ತು. ಯಾವ ರೋಗಿಯ ಹತ್ತಿರ ಹೋದರೂ ಮೊದಲು ಮಂಚದ ಕಬ್ಬಿಣದ ಸರಳನ್ನು ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಎರಡು ಸಲ ಬಡಿಯುತ್ತಿದ್ದರು. ರೋಗಿ ಕಣ್ಣು ತೆರೆದು ನೋಡಿದ ಮೇಲೆಯೇ ಮುಂದಿನ ಮಾತು. "ಮಂಚ ಅಂದ್ರೆ ಅವ್ರ ಮನೆ ಮಕ್ಳೇ. ಇಲ್ಲಿ ಅವ್ರಿಗ್ ಬೇರೆ ಬಾಗ್ಲಿಲ್ಲೆ, ಗೋಡಿಯಿಲ್ಲೆ. ಬಡೀದೆ ಒಳಗ್ ಹೋಪುಕಾಗ." ಹುಡುಗಿಯರು ಸರಳು ಬಡಿಯುವುದನ್ನು ಬೇಗ ಕಲಿತರು. ಕಣ್ಣು ತೆರೆಯುವವರೆಗೆ ಕಾಯುವುದನ್ನು ಕಲಿಯಲಿಲ್ಲ. ಬಡಿದು, ಅದೇ ಉಸಿರಿನಲ್ಲಿ ಸೂಜಿ ಚುಚ್ಚುತ್ತಿದ್ದರು. ಕೆಲವು ಮುದುಕಿಯರು ಸರಳಿನ ಸದ್ದಿಗೇ ಕಿರುಚಲು ಶುರುಮಾಡಿದರು.

ಅವರು ಕಲಿಸುತ್ತಿದ್ದ ವಿಷಯದ ಹೆಸರು ಕಮ್ಯುನಿಕೇಶನ್. ಪಠ್ಯದಲ್ಲಿ ಅದು ಒಂದು ಚಿತ್ರ: ಈಚೆ ಒಂದು ಚೌಕ, ಆಚೆ ಒಂದು ಚೌಕ, ನಡುವೆ ಬಾಣ, ಕೆಳಗಿನಿಂದ ತಿರುಗಿ ಬರುವ ಇನ್ನೊಂದು ಬಾಣ. ಚಿತ್ರ ಬರೆದು ಹೆಸರು ಗುರುತಿಸಿದರೆ ಐದು ಅಂಕ. ಚೌಕದೊಳಗಿನ ಮನುಷ್ಯನಿಗೆ ಅಂಕವಿಲ್ಲ. ಹುಡುಗಿಯರು ಸಹಾನುಭೂತಿಯ ಲಕ್ಷಣಗಳನ್ನು ಒಪ್ಪಿಸುವಾಗ ಉಸಿರು ಬಿಡುತ್ತಿರಲಿಲ್ಲ. ಒಮ್ಮೆ ಗಂಡ ತೀರಿಹೋಗಿ ಅಳುತ್ತಿದ್ದ ಹೆಂಗಸೊಬ್ಬರ ಬಳಿ ಎರಡನೇ ವರ್ಷದವಳೊಬ್ಬಳು ಹೋಗಿ, ಪುಸ್ತಕದಲ್ಲಿ ಇದ್ದಂತೆಯೇ, "ನಿಮ್ಮ ಭಾವನೆಗಳು ನನಗೆ ಅರ್ಥವಾಗುತ್ತವೆ" ಎಂದಳು. ಆ ಹೆಂಗಸು ಅಳು ನಿಲ್ಲಿಸಿ ಕೇಳಿದರು: "ನಿಂಗ್ ಹ್ಯಾಂಗ್ ಅರ್ಥ ಆತ್ತ್ ಹೆಣ್ಣೇ? ನಿಂಗ್ ಮದ್ವಿಯೇ ಆಯ್ಲಿಲ್ಲೆ."

ಮೇಡಂ ಆ ಹುಡುಗಿಗೆ ಬೈಯಲಿಲ್ಲ. "ಅವ್ರ ಅಳು ನಿಂತಿತಲ್ಲ, ಅಷ್ಟಾರೂ ಆಯ್ತ್" ಎಂದರು. ನನ್ನ ಹತ್ತಿರ ಬಂದು ಮಾತ್ರ ಹೃದಯದ ಕವಾಟವನ್ನು ಬಹಳ ಹೊತ್ತು ಹಾಕಿ ತೆಗೆದು ಮಾಡಿದರು.

ಪಠ್ಯ ಸಾಲದೆಂದು ಅವರು ನಾಟಕ ಹೂಡಿದರು. ಅದರಲ್ಲಿ ರೋಗಿಯ ಪಾತ್ರಕ್ಕೆ ನಾನು ಖಾಯಂ. ಮುಖ ನೋಡಿದರೆ ಕಾಯಿಲೆ ಇದೆ ಎಂದು ನಂಬುವ ಹಾಗಿದೆ ಎಂಬುದು ನನ್ನ ಅರ್ಹತೆ. ಕನ್ನಡ ಕಲಿಸಲು ಬಂದ ನಾನು ಆ ಕ್ಲಾಸುಮನೆಯ ಬೆಂಚಿನ ಮೇಲೆ ಹಲವು ಬಗೆಯ ಕಾಯಿಲೆಗಳಿಂದ ಹಲವು ಸಲ ತೀರಿಕೊಂಡೆ. ಹುಡುಗಿಯರು ಬಂದು ಕೆಟ್ಟ ಸುದ್ದಿ ಹೇಳಬೇಕು. ಕೆಲವರು ಬಾಗಿಲಿನಿಂದಲೇ ಹೇಳಿ ಓಡಿದರು, ಒಬ್ಬಳು ನಗು ತಡೆಯಲಾರದೆ ಹೇಳಿದಳು, ಒಬ್ಬಳು ನನ್ನ ಕಾಯಿಲೆಯ ಹೆಸರನ್ನೇ ಮರೆತು ನನ್ನನ್ನೇ ಕೇಳಿದಳು. ಪ್ರಮೀಳಾ ಎಂಬ ಬ್ರಹ್ಮಾವರದ ಕಡೆಯ ಹುಡುಗಿ ಮಾತ್ರ ಬೇರೆ. ಅವಳು ಬೆಂಚಿನ ಅಂಚನ್ನು ಎರಡು ಸಲ ಬಡಿದಳು, ನಾನು ನೋಡುವವರೆಗೆ ಕಾದಳು, ಸ್ಟೂಲನ್ನು ಎತ್ತಿ ತಂದು ನನ್ನ ಕಣ್ಣಿನ ಮಟ್ಟಕ್ಕೆ ಕೂತಳು. ಆಮೇಲೆ, "ಸರ್, ನಿಮ್ಗ್ ಇದ್ರ ಬಗ್ಗೆ ಎಷ್ಟ್ ಗೊತ್ತಿತ್ತ್? ಇನ್ನ್ ಎಷ್ಟ್ ಗೊತ್ತಾಯ್ಕ್ ಅಂದೇಳಿ ಮನಸ್ಸಿತ್ತ್?" ಎಂದು ಕೇಳಿದಳು. ಅಂದು ಸಂಜೆಯೇ ಕುಂದಾಪುರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡೆ. ಸಕ್ಕರೆ ಒಂದಿಷ್ಟು ಹೆಚ್ಚಿತ್ತು, ಬೇರೇನೂ ಇರಲಿಲ್ಲ.

"ಪ್ರಮೀಳಂಗೆ ಬಂತ್ ಮಾಸ್ಟ್ರೇ" ಎಂದು ಮೇಡಂ ಆ ದಿನ ಬಸ್‌ಸ್ಟ್ಯಾಂಡಿನವರೆಗೂ ಅದನ್ನೇ ಹೇಳಿದರು. "ಒಬ್ಳಿಗಾರೂ ಬಂತ್."

ಇನ್ನು ಸ್ಟೂಲಿನ ವಿಷಯ. ನಿಂತವರು ಹೇಳುವ ಮಾತು ಮಲಗಿದವರಿಗೆ ಮೇಲಿನಿಂದ ಬೀಳುತ್ತದೆ, ಆದ್ದರಿಂದ ಒಂದೊಂದು ಮಂಚಕ್ಕೂ ಒಂದೊಂದು ಸ್ಟೂಲು ಬೇಕು ಎಂದು ಅವರು ವರ್ಷಾನುಗಟ್ಟಲೆ ಕೇಳಿದರು. ಆಡಳಿತ ಮಂಡಳಿಯು ಈ ಗಹನವಾದ ಪ್ರಶ್ನೆಯನ್ನು ಚಹಾ ಮತ್ತು ಗೋಳಿಬಜೆಯ ಸಮಕ್ಷಮ ಕೂಲಂಕಷವಾಗಿ ಪರಿಶೀಲಿಸಿತು. ಕೂತರೆ ಕೆಲಸ ಮಾಡುವವರು ಯಾರು ಎಂಬ ಮೂಲಭೂತ ಸಂದೇಹವನ್ನು ಒಬ್ಬ ಸದಸ್ಯರು ಎತ್ತಿದರು, ಕೂತೇ ಎತ್ತಿದರು. ಕೊನೆಗೆ ಒಂದು ವಾರ್ಡಿಗೆ ಒಂದರಂತೆ ನೀಲಿ ಬಣ್ಣದ ಪ್ಲಾಸ್ಟಿಕ್ ಸ್ಟೂಲು ಮಂಜೂರಾಯಿತು.

ಅನಾಹುತ ಆದದ್ದು ಅಲ್ಲಿ. ಇಡೀ ವಾರ್ಡಿಗೆ ಒಂದೇ ಸ್ಟೂಲು, ಕೂರಲು ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ಕೂರಲೇಬೇಕಾದ ಸಂದರ್ಭ ಬಂದಾಗ ಮಾತ್ರ ಅದು ಮೂಲೆಯಿಂದ ಹೊರಡುತ್ತಿತ್ತು. ಕೂರಲೇಬೇಕಾದ ಸಂದರ್ಭ ಯಾವುದೆಂದು ರೋಗಿಗಳಿಗೆ ಬೇಗ ತಿಳಿಯಿತು. ನೀಲಿ ಸ್ಟೂಲು ಯಾರ ಮಂಚದ ಪಕ್ಕ ಹೋಯಿತೋ ಅವರ ಮನೆಯವರು ಸಂಜೆಗೆ ಕಣ್ಣೊರೆಸಿಕೊಳ್ಳುತ್ತ ಕಾರಿಡಾರಿನಲ್ಲಿ ನಿಂತಿರುತ್ತಿದ್ದರು. ವಾರ್ಡಿನ ಜನ ಒಂದಕ್ಕೊಂದು ಕೂಡಿಸಿ ತೀರ್ಮಾನಕ್ಕೆ ಬಂದರು. ಹೊಸದಾಗಿ ಬಂದ ರೋಗಿಗೆ ಹಳಬರು ಊಟದ ಹೊತ್ತು, ಡಾಕ್ಟರು ಬರುವ ಹೊತ್ತು ಇವುಗಳ ಜತೆಗೆ ಸ್ಟೂಲಿನ ವಿಷಯವನ್ನೂ ತಿಳಿಸತೊಡಗಿದರು.

ಕಿರಿಮಂಜೇಶ್ವರದ ಅಜ್ಜ ಒಬ್ಬರು ಹರ್ನಿಯಾದ ಆಪರೇಶನ್ ಆಗಿ ಮಲಗಿದ್ದರು. ಆಪರೇಶನ್ ಚೆನ್ನಾಗಿಯೇ ಆಗಿತ್ತು. ಹುಡುಗಿಯೊಬ್ಬಳು ಪಾಠದ ಪ್ರಕಾರ ಮಾತಾಡಿಸೋಣವೆಂದು ಸ್ಟೂಲು ಎತ್ತಿಕೊಂಡು ಅವರ ಕಡೆ ಹೊರಟಳು. ಅಜ್ಜ ಹೊಟ್ಟೆಯ ಹೊಲಿಗೆಯನ್ನು ಕೈಯಿಂದ ಹಿಡಿದು ಎದ್ದು ಕೂತರು.

"ಹ್ವಾಯ್ ಹೆಣ್ಣೇ, ಅದ್ನ ಅಲ್ಲೇ ಇಡ್! ಎಂತ ಇದ್ರೂ ನಿಂತ್ಕಂಡೇ ಹೇಳ್."

"ಏನೂ ಇಲ್ಲ ಅಜ್ಜ, ಸುಮ್ಮನೆ ಮಾತಾಡಲಿಕ್ಕೆ."

"ಸುಮ್ನೆ ಮಾತಾಡುಕೆ ಸ್ಟೂಲ್ ಎಂತಕೆ? ನನ್ ಮಗನ್ ಕರಿ. ನಾನ್ ಮನಿಗ್ ಹೋತೆ."

ಮಗ ಬಂದ. ಹೆದರುವಂಥದ್ದು ಏನೂ ಇಲ್ಲ ಎಂದು ಮಗನೂ ಡಾಕ್ಟರೂ ಹೇಳಿದಷ್ಟೂ ಅಜ್ಜನಿಗೆ ಸಂಶಯ ಬಲವಾಯಿತು. ಮಧ್ಯಾಹ್ನದೊಳಗೆ ಅವರು ಚೀಲ ಕಟ್ಟಿ, ಅಕ್ಕಪಕ್ಕದ ಮಂಚದವರಿಗೆ ಕೈಮುಗಿದು, ಕೊನೆಯ ಭೇಟಿ ಎಂಬ ಹಾಗೆ ಹೊರಟುಹೋದರು. ನನಗೆ ತಿಳಿದ ಮಟ್ಟಿಗೆ ಈಗಲೂ ಗಟ್ಟಿಯಾಗಿದ್ದಾರೆ.

ಮೇಡಂ ಇದಕ್ಕೆ ಉಪಾಯ ಮಾಡಿದರು. ಒಳ್ಳೆಯ ಸುದ್ದಿ ಇದ್ದಾಗಲೂ ಕೂರಿ, ಏನೂ ಸುದ್ದಿ ಇಲ್ಲದಾಗಲೂ ಕೂರಿ, ಮನೆಯ ದನ, ಗದ್ದೆ, ಮೊಮ್ಮಕ್ಕಳು ಎಂದು ಮಾತಾಡಿ ಎಂದು ಹುಡುಗಿಯರಿಗೆ ಹೇಳಿದರು. ಪರಿಣಾಮವನ್ನು ಹೆಂಗಸರ ವಾರ್ಡಿನಲ್ಲಿ ನಾನೇ ಕಿವಿಯಾರೆ ಕೇಳಿದೆ. ಒಬ್ಬರು ಪಕ್ಕದ ಮಂಚಕ್ಕೆ ಬಗ್ಗಿ, "ಮೊದಾಲ್ ದನದ್ ಸುದ್ದಿ ಕೇಂತ್ರ್. ಮತ್ತೆ ಮೊಮ್ಮಕ್ಳದ್. ಅಷ್ಟೊತ್ತಿಗೆ ನಾವೇ ತಿಳ್ಕಣ್ಕ್" ಎನ್ನುತ್ತಿದ್ದರು. ಅಂದಿನಿಂದ ಆ ವಾರ್ಡಿನಲ್ಲಿ, 'ಮನೆಯಲ್ಲಿ ದನ ಇದೆಯಾ' ಎಂದು ಕೇಳಿದರೂ ಕೆಲವರ ಬಿ.ಪಿ. ಏರುತ್ತಿತ್ತು.

ನಾನು ನಕ್ಕೆ. ಮೇಡಂ ನಗಲಿಲ್ಲ.

"ತಪ್ಪ್ ಸ್ಟೂಲಿಂದಲ್ಲ ಮಾಸ್ಟ್ರೇ. ಒಂದೇ ಇಪ್ಪುದೇ ತಪ್ಪ್. ಮಂಚಕ್ಕೊಂದ್ ಇದ್ದಿದ್ರೆ, ಕೂಕಂಬುದ್ ಅಂದ್ರೆ ಬರೀ ಕೂಕಂಬುದ್ ಆತಿತ್ತ್."

ಹೆಚ್ಚಿನ ಸ್ಟೂಲು ಬರಲಿಲ್ಲ.

ಸ್ಟೂಲಿಗಿಂತ ದೊಡ್ಡ ಅಡ್ಡಿ ವಾರ್ಡಿನ ಬಾಗಿಲಲ್ಲಿ ನಿಂತಿರುತ್ತಿತ್ತು. ರೋಗಿಯ ಮಗ, ಅಳಿಯ, ಭಾವ, ಯಾರಾದರೊಬ್ಬರು ಡಾಕ್ಟರನ್ನು ಬದಿಗೆ ಕರೆದು ದನಿ ತಗ್ಗಿಸಿ, "ಅಮ್ಮಂಗ್ ಹೇಳುದ್ ಬ್ಯಾಡ, ಗ್ಯಾಸ್ಟ್ರಿಕ್ ಅಂದೇಳಿ ಹೇಳಿ" ಎನ್ನುತ್ತಿದ್ದರು. ಕುಂದಾಪುರದ ಸುತ್ತಿನ ನಮ್ಮ ಮೂರು ತಾಲೂಕುಗಳಲ್ಲಿ ಗ್ಯಾಸ್ಟ್ರಿಕ್ ಎಂಬುದು ಕಾಯಿಲೆಯಲ್ಲ, ಒಂದು ಮರ್ಯಾದೆ. ಲಿವರು, ಕರುಳು, ಶ್ವಾಸಕೋಶ ಎಲ್ಲವೂ ಅದರ ಅಡಿಯಲ್ಲಿ ಬರುತ್ತವೆ. ಮೆದುಳಿನ ಗೆಡ್ಡೆಯೊಂದು ತಲೆಗೆ ಏರಿದ ಗ್ಯಾಸ್ಟ್ರಿಕ್ ಎಂಬ ಹೆಸರಿನಲ್ಲಿ ಸ್ವರ್ಗಸ್ಥವಾದದ್ದು ನನಗೆ ಗೊತ್ತು. ರೋಗಿಗೂ ಗೊತ್ತಿರುತ್ತದೆ, ಮನೆಯವರಿಗೂ ಗೊತ್ತಿರುತ್ತದೆ, ಒಬ್ಬರಿಗೆ ಗೊತ್ತಿದೆ ಎಂಬುದು ಇನ್ನೊಬ್ಬರಿಗೂ ಗೊತ್ತಿರುತ್ತದೆ. ಎಲ್ಲರೂ ಸೇರಿ ಓಮದ ನೀರು ಕುಡಿಸುತ್ತಾರೆ.

ಇದರ ಬಗ್ಗೆ ಮೇಡಮ್ಮಿನದು ಚಿಕ್ಕ ಸೂತ್ರ: "ಕೇಣದ್ದೆ ಹೇಳುಕಾಗ. ಕೇಂಡ್ರೆ ಸುಳ್ಳ್ ಹೇಳುಕಾಗ. ಹೇಳುದಾರೆ ಕೂಕಂಡ್ ಹೇಳ್ಕ್." ನನ್ನ ಕನ್ನಡದಲ್ಲಿ ಹೇಳುವುದಾದರೆ, ರೋಗಿ ಕೇಳದೆ ಹೇಳಬಾರದು, ಕೇಳಿದರೆ ಸುಳ್ಳು ಹೇಳಬಾರದು, ಹೇಳುವುದಾದರೆ ಕೂತು ಹೇಳಬೇಕು.

ಒಮ್ಮೆ ಅವರೇ ಹಾಗೆ ಕೂತು ನಿಜ ಹೇಳಿದರು. ಹೊಟ್ಟೆಯ ಕಾಯಿಲೆಯ ಹೆಂಗಸೊಬ್ಬರು, ಮನೆಯವರು ಊಟಕ್ಕೆ ಹೋದಾಗ, ಇವರ ಸೆರಗು ಹಿಡಿದು, "ನಂದ್ ಗ್ಯಾಸ್ಟ್ರಿಕ್ ಅಲ್ಲ ಅಲ್ದಾ?" ಎಂದು ಕೇಳಿದರಂತೆ. ಇವರು ಸ್ಟೂಲು ತಂದು ಕೂತರು. ಆ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡು, ಗೋಡೆಯ ಫ್ಯಾನನ್ನು ನೋಡುತ್ತ, "ಹಾಂಗಾರೆ ಇನ್ನ್ ಮನಿಗ್ ಹೋಪುಕಕ್ಕಲ್ದಾ?" ಎಂದರಂತೆ. ಹೋದರು. ಆ ಮಳೆಗಾಲವಿಡೀ ತಮ್ಮ ಮನೆಯಲ್ಲೇ ಇದ್ದು, ಕೋಳಿಗಳನ್ನು ಮಲಗಿದಲ್ಲಿಂದಲೇ ಬೈಯುತ್ತ, ಅಲ್ಲಿಯೇ ತೀರಿಕೊಂಡರು. ಮನೆಯವರಿಂದ ಆಸ್ಪತ್ರೆಗೆ ದೂರು ಬಂತು. ಮೇಡಮ್ಮಿಗೆ ಮೆಮೋ ಬಂತು. ರೋಗಿಯ ಮನಃಸ್ಥೈರ್ಯಕ್ಕೆ ಧಕ್ಕೆ ತಂದದ್ದು ಅವರ ಅಪರಾಧ.

"ಕೋಳಿಗ್ ಬೈವಷ್ಟ್ ಮನಃಸ್ಥೈರ್ಯ ಇದ್ದಿತ್" ಎಂದು ಅವರು ಉತ್ತರ ಬರೆಯಹೊರಟಿದ್ದರು. ನಾನು ಅದನ್ನು ಗ್ರಂಥಸ್ಥ ಭಾಷೆಯಲ್ಲಿ ಕ್ಷಮಾಪಣೆಯಾಗಿ ತಿದ್ದಿಕೊಟ್ಟೆ. ನನ್ನ ಕನ್ನಡ ಆ ಸಂಸ್ಥೆಗೆ ಉಪಯೋಗವಾದದ್ದು ಅದೊಂದೇ ಸಲ.

ಆಮೇಲೆ ಕಾಲ ಮುಂದುವರಿಯಿತು, ಎಂದರೆ ಕಂಪ್ಯೂಟರು ಬಂತು. ಕಮ್ಯುನಿಕೇಶನ್ ಎಂದರೆ ಹೊರದೇಶದ ಪರೀಕ್ಷೆಗೆ ಬೇಕಾದ ಇಂಗ್ಲಿಷು ಎಂದು ಪ್ರಾಂಶುಪಾಲರು ಸಭೆಯಲ್ಲಿ ಖಚಿತಪಡಿಸಿದರು. ಮೇಡಮ್ಮಿನ ನಾಟಕದ ಗಂಟೆಯನ್ನು ತೆಗೆದು ಆನ್‌ಲೈನ್ ಪಾಠ ಹಾಕಿದರು. ಪರದೆಯ ಮೇಲೆ ಒಬ್ಬ ರೋಗಿ ಅಳುತ್ತಾನೆ, ಕೆಳಗೆ ನಾಲ್ಕು ಉತ್ತರಗಳಿರುತ್ತವೆ, ಸರಿಯಾದದ್ದನ್ನು ಒತ್ತಿದರೆ ಅವನು ಅಳು ನಿಲ್ಲಿಸುತ್ತಾನೆ. ನನಗೂ ಅದರಿಂದ ಸಾವು ತಪ್ಪಿತು; ಕೆಲಸವೂ ತಪ್ಪಿತು. ಆ ವರ್ಷದ ಕೊನೆಗೆ ಅವರ ನಿವೃತ್ತಿ. ಬೀಳ್ಕೊಡುಗೆಯ ಸಭೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ವೇದಿಕೆಯ ಮೇಲಿದ್ದ ಅಷ್ಟೂ ಜನ ಕೇಳುವ ಕಲೆಯ ಮಹತ್ವದ ಬಗ್ಗೆ ಎಷ್ಟು ಸುದೀರ್ಘವಾಗಿ ಮಾತಾಡಿದರೆಂದರೆ ಅವರಿಗೆ ಮಾತಾಡಲು ಹೊತ್ತು ಉಳಿಯಲಿಲ್ಲ. ಮೈಕಿನ ಎದುರು ನಿಂತು, "ಊಟ ತಣಿತಾ ಇತ್ತ್, ಹೋಪ" ಎಂದಷ್ಟೇ ಹೇಳಿ ಇಳಿದರು.

ಮರುವರ್ಷವೇ ಅವರಿಗೆ ಹೊಟ್ಟೆನೋವು ಶುರುವಾಯಿತು. ತಮ್ಮ ಅವರನ್ನು ಬಿಜೂರಿನಿಂದ ಕರೆತಂದು ಸೇರಿಸಿದ್ದು ಇದೇ ಆಸ್ಪತ್ರೆಗೆ. "ಅಕ್ಕಂಗ್ ಅಲ್ಲಿ ಎಲ್ಲ ಗುರ್ತದವ್ರೇ. ಲಾಯ್ಕ್ ಕಾಂತ್ರ್" ಎಂದು ಅವರ ನಂಬಿಕೆ. ಸ್ಪೆಷಲ್ ರೂಮು ಬೇಡವೆಂದು ಮೇಡಂ ಹಟ ಮಾಡಿ ಹೆಂಗಸರ ವಾರ್ಡಿನ ಮೂಲೆಯ ಮಂಚ ಹಿಡಿದರು. "ರೂಮಗ್ ಒಬ್ಳೇ ಎಂತ ಮಾಡುದ್? ಗೋಡಿ ಹತ್ರ ಮಾತಾಡುದಾ?"

ನಾನು ನೋಡಲು ಹೋದಾಗ ತಮ್ಮ ಲಿಫ್ಟಿನ ಬಳಿಯೇ ನನ್ನ ರಟ್ಟೆ ಹಿಡಿದರು. ರಿಪೋರ್ಟುಗಳು ಅವರ ಮೊಬೈಲಿಗೆ ಬಂದಿದ್ದವು.

"ಮಾಸ್ಟ್ರೇ, ಗ್ಯಾಸ್ಟ್ರಿಕ್."

"ಹೌದಾ?" ಎಂದೆ.

ಅವರು ನನ್ನ ಮುಖ ನೋಡಿದರು. "ಮುಗಿತ್ ಮಾರಾಯ್ರೆ. ಎಲ್ಲ ಕಡಿಗ್ ಹೋಯಿತ್ ಅಂಬ್ರ್ ಡಾಕ್ಟ್ರ್. ಅಕ್ಕಂಗ್ ಗೊತ್ತಾಪುಕಾಗ."

"ಅವ್ರೇ ಕೇಂಡ್ರೆ?"

"ಕೇಣ್ಲಿ. ಗ್ಯಾಸ್ಟ್ರಿಕ್ ಅಂಬುದೇ. ಅಪ್ಪಯ್ಯಂಗೆ ಒಬ್ಬ ಡಾಕ್ಟ್ರ್ ಮುಖದ್ ಮೇಲೇ ಹೇಳ್ದ. ಅಪ್ಪಯ್ಯ ಗೋಡಿ ಬದಿಗ್ ತಿರ್ಗಿ ಮನ್ಕಂಡ್ರ್. ಮತ್ತೆ ಈಚಿಗ್ ತಿರ್ಗಲಿಲ್ಲೆ, ಗಂಜಿ ಮುಟ್ಲಿಲ್ಲೆ. ಅಕ್ಕ ಹಾಂಗ್ ಮನ್ಕಂಬುದ್ ನಂಗ್ ಕಾಂಬುಕಾತಿಲ್ಲೆ ಮಾಸ್ಟ್ರೇ. ನೀವ್ ಪಾಠ ಹೇಳ್ಬೇಡಿ."

ನಾನು ರಟ್ಟೆ ಬಿಡಿಸಿಕೊಂಡು ವಾರ್ಡಿನ ಒಳಗೆ ಹೋದೆ.

ಮೇಡಂ ಬೆಳ್ಳಗಾಗಿದ್ದರು. ಗಡಿಯಾರ ಈಗ ಆಸ್ಪತ್ರೆಯ ಗೌನಿಗೆ ಸಿಕ್ಕಿಸಿತ್ತು. ಕೂರಲು ಏನೂ ಕಾಣದೆ ನಾನು ಪಕ್ಕದ ಖಾಲಿ ಮಂಚದ ತುದಿಯಲ್ಲಿ ಕೂತೆ. ಅವರ ಕಣ್ಣು ತಕ್ಷಣ ಚುರುಕಾಯಿತು, ಮತ್ತೆ ಇಳಿಯಿತು.

"ಓ, ನೀವಾ. ನೀವ್ ಕೂಕಂಡ್ರೆ ಲೆಕ್ಕಕ್ಕಿಲ್ಲೆ. ನೀವ್ ಎಲ್ಲಿಗ್ ಹೋರೂ ಕೂಕಂಬವ್ರೇ."

ಆರೋಗ್ಯ ಹೇಗಿದೆ ಎಂದೆ.

"ಗ್ಯಾಸ್ಟ್ರಿಕ್ ಅಂಬ್ರ್" ಎಂದು ಅವರು ಗಂಭೀರವಾಗಿ ಹೇಳಿದರು. ಬಾಗಿಲಿನ ಕಡೆ ನೋಡಿದರು, ತಮ್ಮ ಹೊರಗಿದ್ದರು. "ನಾನ್ ಈ ಕೆಲ್ಸ ಎಷ್ಟ್ ವರ್ಷ ಮಾಡಿದ್ದೆ ಮಾಸ್ಟ್ರೇ? ನನ್ ಹೊಟ್ಟೆಯಗ್ ಎಂತ ಇತ್ತ್ ಅಂದೇಳಿ ನಂಗ್ ಗೊತ್ತಿಲ್ಯಾ?"

"ಗೊತ್ತಿದ್ರೆ ಆಯ್ತಲ್ಲ ಮೇಡಮ್ರೇ. ಮತ್ತೆ ಎಂತಕೆ ಬೇರೆಯವ್ರ್ ಹೇಳ್ಕ್?"

ಅವರು ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆಗೆ ತಪ್ಪು ಬರೆದವನನ್ನು ನೋಡುವಂತೆ ನನ್ನನ್ನು ನೋಡಿದರು.

"ನಂಗ್ ಮನಿಗ್ ಹೋಯ್ಕ್. ಜಗಲಿ ಮೇಲೆ ಮನ್ಕಂಡ್ರೆ ಗಾಳಿ ಬತ್ತ್, ರೈಲ್ ಹೋಪುದ್ ಕೇಂತ್. ಅಲ್ಲಿ ಸಾಯ್ಕ್ ನಂಗೆ. ಆದ್ರೆ ಗ್ಯಾಸ್ಟ್ರಿಕ್ಕಿನವ್ರ್ 'ಸಾಯುಕೆ ಮನಿಗ್ ಹೋತೆ' ಅಂಬುಕಾತ್ತಾ? ಅಂದ್ರೆ ತಮ್ಮ 'ಹುಶಾರಾಯ್ಕಂಡ್ ಹೋಪ ಅಕ್ಕ' ಅಂತ. ನಾನೇ ಬಾಯ್ ಬಿಟ್ ಹೇಳ್ರೆ, 'ಅಲ್ಲ ಅಕ್ಕ, ಹಾಂಗೆಲ್ಲ ಎಂತ ಇಲ್ಲೆ' ಅಂದೇಳಿ ಹೊರ್ಗ್ ಹೋಯಿ ಕಣ್ಣೀರ್ ಹಾಕ್ತ. ಗೊತ್ತಿದ್ದವ್ರ್ ಒಬ್ರ್ ಇಲ್ಲಿ ಕೂಕಂಡ್, ಅವ್ನ ಎದ್ರಿಗೇ ನಂಗ್ ಹೇಳ್ಕ್. ಆಗ ಅವ್ನಿಗೂ ತಪ್ಪಸ್ಕಂಬುಕೆ ಬತ್ತಿಲ್ಲೆ. ಕರ್ಕಂಡ್ ಹೋತ."

"ನಾನ್ ಹೇಳ್ತೆ" ಎಂದೆ.

"ನಿಮ್ ಮಾತ್ ಅವ್ನ್ ನಂಬುದಿಲ್ಲೆ. ನೀವ್ ಇಲ್ಲಿ ಸತ್ತದ್ದೂ ಸುಳ್ಳೇ ಅಲ್ದಾ?" ಅವರು ನಗಲು ಹೋಗಿ ಹೊಟ್ಟೆ ಹಿಡಿದುಕೊಂಡರು. ನೋವು ಇಳಿದ ಮೇಲೆ, "ಈ ವಾರ್ಡಗ್ ಪ್ರಮೀಳ ಇತ್ತ್. ಆ ಹೆಣ್ಣಿಗ್ ಹೇಳುಕೆ ಬತ್ತ್" ಎಂದರು.

ಪ್ರಮೀಳಾ ಈಗ ಆ ವಾರ್ಡಿನ ಸ್ಟಾಫ್ ನರ್ಸ್. ಅವಳನ್ನು ಕಾರಿಡಾರಿನಲ್ಲಿ ಹಿಡಿದೆ. ಮೂಲೆಯಲ್ಲಿ ಇರಬೇಕಾದ ನೀಲಿ ಸ್ಟೂಲು ಕಾಣುತ್ತಿಲ್ಲವಲ್ಲ ಎಂದು ಕೇಳಿದೆ.

"ಸ್ಟೋರಗ್ ಇಟ್ಟಿತ್ ಸರ್. ನಾವೇ ಎಲ್ರೂ ಸೇರಿ ಇಟ್ಟದ್. ಯಾರಾರೂ ಮರ್ತ್ ಅವ್ರ ಹತ್ರ ತಕಂಡ್ ಹೋರೆ…" ಎಂದು ಅರ್ಧಕ್ಕೆ ನಿಲ್ಲಿಸಿದಳು.

ಮೇಡಂ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಔಷಧದ ಟ್ರೇಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಕೇಳಿದಳು.

"ಡಾಕ್ಟ್ರ್ ಹೇಳುಕಾಗ ಅಂದಿದ್ರ್. ಅವ್ರ ತಮ್ಮ ನನ್ ಕೈ ಹಿಡ್ಕಂಡ್ ಕಣ್ಣೀರ್ ಹಾಕಿರ್ ಸರ್. ನಾನ್ ಎಂತ ಮಾಡುದ್? ನಿಂತ್ಕಂಡ್ರೆ ಗ್ಯಾಸ್ಟ್ರಿಕ್ ಅಂಬುಕಾತ್. ಕೂಕಂಡ್ರೆ ಅವ್ರಿಗ್ ಸುಳ್ಳ್ ಹೇಳುಕೆ ನಂಗ್ ಬತ್ತಿಲ್ಲೆ. ಅದ್ಕೇ ಕೂಕಂತಿಲ್ಲೆ."

ಮುಂದಿನ ಸಲ ನಾನು ಹೋದದ್ದು ಒಂದು ಮಧ್ಯಾಹ್ನ. ತಮ್ಮ ಕಾಲಬದಿಯಲ್ಲಿ ನಿಂತು ಓಮದ ನೀರಿನ ಲೋಟ ಹಿಡಿದಿದ್ದರು. ಮೇಡಮ್ಮಿಗೆ ತಲೆ ಎತ್ತುವುದೂ ಕಷ್ಟವಾಗಿತ್ತು. ಪ್ರಮೀಳಾ ಬಂದಳು. ಮಂಚದ ಸರಳನ್ನು ಗೆಣ್ಣಿನಿಂದ ಎರಡು ಸಲ ಬಡಿದಳು. ಅವರು ಕಣ್ಣು ತೆರೆಯುವವರೆಗೆ ಕಾದಳು. 'ಮೇಡಂ' ಎಂದು ಕರೆದು, ಏನು ಮಾಡಲಿದ್ದೇನೆಂದು ಹೇಳಿ, ಡ್ರಿಪ್ಪಿನ ಕೈಯನ್ನು ಮೆಲ್ಲಗೆ ಎತ್ತಿ ದಿಂಬಿನ ಮೇಲಿಟ್ಟಳು. ಎಲ್ಲವೂ ಪಾಠದ ಹಾಗೆ.

"ಪ್ರಮೀಳಾ" ಎಂದರು ಮೇಡಂ. "ನಂಗ್ ಎಂತ ಆಯಿತ್?"

ಪ್ರಮೀಳಾ ಡ್ರಿಪ್ಪಿನ ಗುಂಡಿಯನ್ನು ನೋಡುತ್ತ, "ಗ್ಯಾಸ್ಟ್ರಿಕ್ ಮೇಡಂ. ಎರ್ಡ್ ಬಾಟ್ಲಿ ಹೋರೆ ಕಮ್ಮಿ ಆತ್ತ್" ಎಂದಳು.

"ಕೂಕೋ ಹೆಣ್ಣೇ. ಒಂಚೂರ್."

"ಡ್ಯೂಟಿ ಇತ್ ಮೇಡಂ. ಆಚಿ ಮಂಚದವ್ರಿಗೆ ಇಂಜೆಕ್ಷನ್ ಕೊಡ್ಕ್. ಮತ್ತೆ ಬತ್ತೆ."

ವಾರ್ಡಿನ ಹೆಂಗಸರೆಲ್ಲ ಮಾತು ನಿಲ್ಲಿಸಿ ಈ ಮೂಲೆಯನ್ನೇ ನೋಡುತ್ತಿದ್ದರು. ಮೇಡಂ ಅವಳ ಮುಖವನ್ನೇ ನೋಡಿದರು. ಆಮೇಲೆ, ಹಿಂದೆ ಕ್ಲಾಸಿನಲ್ಲಿ ನಾನು ಬೆಂಚಿನ ಮೇಲೆ ಸತ್ತು ಮಲಗಿದ್ದಾಗ ಅಂಕ ಕೊಡುತ್ತಿದ್ದ ಅದೇ ದನಿಯಲ್ಲಿ ಹೇಳಿದರು:

"ಬಡ್ದದ್ ಲಾಯ್ಕಿತ್ತ್. ಕಾದದ್ದೂ ಲಾಯ್ಕಿತ್ತ್. ಕಣ್ಣ್ ತಪ್ಸುಕಾಗ."

ಪ್ರಮೀಳಾ ಟ್ರೇ ಎತ್ತಿಕೊಂಡು ಹೋದಳು. ಆಚೆಯ ಮಂಚಕ್ಕೆ ಹೋಗಲಿಲ್ಲ, ನೇರ ಬಾಗಿಲಿನಿಂದ ಹೊರಗೆ ಹೋದಳು. ತಮ್ಮ ಲೋಟವನ್ನು ಮುಂದೆ ಹಿಡಿದು, "ಅಕ್ಕ, ಒಂದ್ ಗುಟ್ಕ್ ಕುಡಿ" ಎಂದರು. ಅವರು ಕುಡಿದರು. ಕುಡಿದು, ಗೋಡೆಯ ಕಡೆ ತಿರುಗಿ ಮಲಗಿದರು.

ಆ ವಾರ ಕಳೆಯುವುದರೊಳಗೆ ಅವರು ಅದೇ ಮಂಚದ ಮೇಲೆ, ಮಧ್ಯಾಹ್ನದ ಊಟದ ಗಾಡಿ ವಾರ್ಡಿಗೆ ಬರುವ ಹೊತ್ತಿಗೆ ತೀರಿಕೊಂಡರು. ಸಂಜೆ ಬಿಜೂರಿನ ಮನೆಯ ಜಗಲಿಯಲ್ಲಿ ಮಲಗಿಸಿದ್ದರು. ಗಾಳಿ ಇತ್ತು, ರೈಲೂ ಹೋಯಿತು. ನೋಡಲು ಬಂದವರು ಎಂತ ಆದದ್ದು ಎಂದು ಕೇಳಿದರು. ತಮ್ಮ ಗ್ಯಾಸ್ಟ್ರಿಕ್ ಎಂದರು.